ಲಸಿಕೆ ಕಾರ್ಡಿನ ಮಾತು ಬಿಟ್ಟುಹೋಗಿದೆ
ಹೊಸ ದೇಶದಲ್ಲಿ ಮಕ್ಕಳನ್ನು ಬೆಳೆಸುವ ತಾಯಂದಿರ ಒಂಟಿತನದ ಬಗ್ಗೆ ಈಚೆಗೆ ಓದಿದ ಲೇಖನವೊಂದು ಸರಿಯಾಗೇ ಹೇಳಿದೆ. ಆದರೆ ಶಾಲೆಗೆ ಸೇರಿಸುವಾಗ ಎಷ್ಟೋ ಜನ ಎಡವುವುದು ಲಸಿಕೆ ಕಾರ್ಡಿನಲ್ಲಿ. ಪ್ರತಿ ಡೋಸಿಗೂ ದಿನಾಂಕ ಬೇಕು, ‘ಎಲ್ಲ ಹಾಕಿಸಿದೆ’ ಅಂದರೆ ಸಾಲದು. ತಿಂಗಳನ್ನು ಅಕ್ಷರದಲ್ಲೇ ಬರೆಸಿಕೊಳ್ಳಿ: 05/06 ಅನ್ನುವುದನ್ನು ಒಂದು ದೇಶ ಜೂನ್ 5 ಎಂದು ಓದಿದರೆ ಇನ್ನೊಂದು ಮೇ 6 ಅನ್ನುತ್ತದೆ, ಆಗ ಎರಡು ಡೋಸುಗಳ ನಡುವಿನ ಅಂತರ ಸಾಲದೆಂದು ಡೋಸನ್ನೇ ಲೆಕ್ಕದಿಂದ ಬಿಡಬಹುದು. ವರ್ಷ ತುಂಬುವ ಮೊದಲು ಹಾಕಿದ ದಡಾರ ಲಸಿಕೆಯನ್ನು ಅಮೆರಿಕದಂಥ ಕಡೆ ಎಣಿಸುವುದೇ ಇಲ್ಲ, ಮತ್ತೆ ಹಾಕಿಸಬೇಕು. ಆದರೆ ಡೋಸುಗಳ ನಡುವೆ ತಡವಾಗಿದ್ದರೆ ಸಾಮಾನ್ಯವಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ; ಉಳಿದದ್ದು ಮುಗಿಸಿದರೆ ಆಯಿತು.

ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿಕೊಂಡ ಮಗುವಿಗೆ ಕ್ಷಯದ ಚರ್ಮ ಪರೀಕ್ಷೆ ಸೋಂಕಿಲ್ಲದೆಯೂ ಪಾಸಿಟಿವ್ ಬರಬಹುದು. ಗಾಬರಿಯಾಗದೆ ಐಜಿಆರ್‌ಎ ಎಂಬ ಕ್ಷಯದ ರಕ್ತಪರೀಕ್ಷೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ, ಬಿಸಿಜಿಯಿಂದ ಅದರ ಫಲಿತಾಂಶ ಕೆಡುವುದಿಲ್ಲ.

ಇನ್ನು, ದೊಡ್ಡ ಮಗುವನ್ನೇ ದುಭಾಷಿ ಮಾಡಿಕೊಂಡು ಆಸ್ಪತ್ರೆಗೆ ಹೋಗುವುದು ಬೇಡವೇ ಬೇಡ. ಗೊತ್ತಿಲ್ಲದ ಪದವನ್ನು ಮಗು ಹಾರಿಸಿಬಿಡುತ್ತದೆ, ಅಮ್ಮ ಹೆದರಿಯಾಳು ಅನ್ನಿಸಿದ್ದನ್ನು ನುಂಗಿಕೊಳ್ಳುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ನಿಮ್ಮ ಭಾಷೆಯ ಹೆಸರು ಹೇಳಿ ದುಭಾಷಿ ಕೇಳಿ. ಬರೀ ‘ಇಂಡಿಯನ್’ ಅಂದರೆ ಹಿಂದಿಯವರನ್ನು ಕಳಿಸಿಯಾರು.