ಆಟಗಾರನ ಆಯ್ಕೆಯೂ ಕೃತಿಯ ಭಾಗವೇ

ಆಟಗಾರನಿಗೆ ತಕ್ಕಂತೆ ಪರಿಣಾಮ ಬದಲಾಗುವುದರಿಂದ ವಿಡಿಯೋ ಗೇಮ್‌ಗಳನ್ನು ಕಲೆ ಎನ್ನಲಾಗದೆಂದು ಲೇಖನವೊಂದರಲ್ಲಿ ಓದಿದೆ. ಆ ಲೇಖಕರ ವಾದವನ್ನು ನಾನು ಒಪ್ಪಲಾರೆ. ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಕೂಡ 2005ರಲ್ಲಿ ಇದೇ ಮಾತನ್ನು ಆಡಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು, ಆದರೆ ನನ್ನ ವಾದಕ್ಕೆ ಆ ಮುದ್ರೆಯ ಅಗತ್ಯವಿಲ್ಲ.

ಲೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ಎಂಬ ಗೇಮನ್ನೇ ನೋಡಿ. ಕಾಲ್ಪನಿಕ ಸರ್ವಾಧಿಕಾರಿ ದೇಶವೊಂದರ ಗಡಿಯಲ್ಲಿ ನಾವು ಪಾಸ್‌ಪೋರ್ಟ್ ತಪಾಸಣೆಯ ಅಧಿಕಾರಿಯಾಗಿರುತ್ತೇವೆ. ಎಷ್ಟು ಜನರ ದಾಖಲೆಗಳನ್ನು ಸರಿಯಾಗಿ ಪರಿಶೀಲಿಸಿದೆವೋ ಅಷ್ಟೇ ಸಂಬಳ, ಅದರಲ್ಲೇ ಮನೆಯವರ ಊಟ, ಔಷಧ, ಚಳಿಗೆ ಬೆಂಕಿ. ಗಂಡನ ಕಾಗದಗಳು ಸರಿಯಿದ್ದು ಹಿಂದೆಯೇ ಬಂದ ಹೆಂಡತಿಯ ಬಳಿ ಪ್ರವೇಶ ಪರವಾನಗಿ ಇಲ್ಲದಿದ್ದಾಗ, ಆಕೆಯನ್ನು ಹಿಂದಕ್ಕೆ ಕಳುಹಿಸುವ ಮುದ್ರೆಯನ್ನು ಒತ್ತಬೇಕಾದದ್ದು ನಮ್ಮ ಕೈಯೇ. ಕಾದಂಬರಿಯನ್ನು ಓದುವಾಗ ಅಂಥ ಅಧಿಕಾರಿಯನ್ನು ದೂರದಿಂದ ದೂಷಿಸಬಹುದಿತ್ತು. ಇಲ್ಲಿ ಆ ಅಂತರವೇ ಉಳಿಯುವುದಿಲ್ಲ, ಮತ್ತು ಆ ಇಕ್ಕಟ್ಟನ್ನು ಹೆಣೆದದ್ದು ಕೃತಿಕಾರನೇ.

ಪಾತ್ರಗಳ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುವ ಅರ್ಥಧಾರಿಗಳು ಬದಲಾದಂತೆ, ಯಕ್ಷಗಾನದ ವೇಷವಿಲ್ಲದ ರೂಪವಾದ ತಾಳಮದ್ದಳೆಯ ಮಾತೂ ಬದಲಾಗುತ್ತದೆ, ಆದರೂ ಅದನ್ನು ಕಲೆಯಲ್ಲವೆಂದು ನಾವು ಎಂದೂ ಹೇಳಿಲ್ಲ. ಎಲ್ಲ ಗೇಮ್‌ಗಳೂ ಈ ಎತ್ತರಕ್ಕೆ ಏರುವುದಿಲ್ಲ, ನಿಜ. ಎಲ್ಲ ಸಿನಿಮಾಗಳೂ ಏರುವುದಿಲ್ಲ.