ಕೆಂಪು ಬಲ್ಬೂ ನನ್ನ ಮಂಡಿಯೂ

ಏಪ್ರಿಲ್ 17ರ ಸಂಜೆ. ಶಿವಮೊಗ್ಗ ಜಿಲ್ಲೆಯ ನಮ್ಮ ಪೇಟೆಯಲ್ಲಿ ಒಂದು ಸರ್ಕಾರಿ ಕಟ್ಟಡಕ್ಕೆ ಮೈತುಂಬ ಕೆಂಪು ಬಲ್ಬು ಹಾಕಿದ್ದರು. ಪಕ್ಕದ ಮನೆ ಭಟ್ಟರು ಗೇಟಿನಲ್ಲಿ ನಿಂತು, "ಎಂತ ಮಾರಾಯ, ಸಾಹೇಬ್ರ ಮಗಳ ಮದುವೆಯಾ?" ಅಂತ ಕೇಳಿದರು. "ಅಲ್ಲ ಭಟ್ರೇ, ಅದು ನನ್ನ ಮಂಡಿಗೆ ಹಚ್ಚಿದ ದೀಪ" ಅಂದೆ. ಅವರು ನನ್ನ ಮುಖವನ್ನೊಮ್ಮೆ, ಮಂಡಿಯನ್ನೊಮ್ಮೆ ನೋಡಿ ಸುಮ್ನೆ ಒಳಗೆ ಹೋದರು.

ಸುಳ್ಳೇನೂ ಹೇಳಿಲ್ಲ. ಅವತ್ತು ವಿಶ್ವ ಹಿಮೋಫಿಲಿಯಾ ದಿನ. ಜಗತ್ತು ಇದನ್ನು 1989ರಿಂದ ವರ್ಷಕ್ಕೊಂದು ದಿನ ಆಚರಿಸುತ್ತದೆ. ನಾನು ಹುಟ್ಟಿದಾಗಿನಿಂದ ದಿನಾ ಆಚರಿಸುತ್ತಿದ್ದೇನೆ.

ರಕ್ತ ಹೆಪ್ಪುಗಟ್ಟಲು ಫ್ಯಾಕ್ಟರ್ 8 ಅನ್ನುವ ಸರಕು ಬೇಕು, ನನ್ನ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬ ಹೀಗೆ ಇರುತ್ತಾನೆ. ಗುಂಡುಪಿನ್ನು ಚುಚ್ಚಿದರೆ ನಮಗೆ ಕೊಡಪಾನ ರಕ್ತ ಹೋಗುತ್ತದೆ ಅಂತ ಜನ ನಂಬಿದ್ದಾರೆ. ಹಾಗೇನಿಲ್ಲ. ಎಲ್ಲರಷ್ಟೇ ವೇಗದಲ್ಲಿ ಹೋಗುತ್ತದೆ, ಬೇಗ ನಿಲ್ಲಲ್ಲ ಅಷ್ಟೇ. ಅಸಲು ಕಷ್ಟ ಇರುವುದು ಒಳಗೆ. ಮಂಡಿ, ಮೊಣಕೈ, ಪಾದದ ಗಂಟು, ಇವುಗಳ ಒಳಗೆ ಸದ್ದಿಲ್ಲದೆ ಸೋರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ಹಳೇ ಹೆಂಚಿನ ಮನೆ ನೋಡಿ. ರಸ್ತೆಯಲ್ಲಿ ಹೋಗುವವರಿಗೆ ಫೋಟೋ ತೆಗೆಯುವಷ್ಟು ಚೆಂದ. ಒಳಗಿದ್ದವರಿಗೆ ಸೋರುವ ಕಡೆ ಪಾತ್ರೆ ಇಡುವುದೇ ಕೆಲಸ.

ಅಕ್ಕನಿಗೆ ಮಗ ಹುಟ್ಟಿದಾಗ ಊರವರೆಲ್ಲ "ಸೋದರಮಾವನ ಮೂಗೇ ಬಂದಿದೆ" ಅಂದರು. ಮೂಗಿನ ಜೊತೆ ಇದೂ ಬಂದಿತ್ತು. ಅಮ್ಮನಿಂದ ಅಕ್ಕನಿಗೆ, ಅಕ್ಕನಿಂದ ಅವಳ ಮಗನಿಗೆ. ಒಡವೆ ಬರುವ ದಾರಿಯಲ್ಲೇ ಬರುತ್ತದೆ. (ಸಂಬಂಧದಲ್ಲೇ ಕೊಟ್ಟು ತಂದರೆ ಆಸ್ತಿ ಹೊರಗೆ ಹೋಗಲ್ಲ ಅಂತ ಹಿರಿಯರು ಲೆಕ್ಕ ಹಾಕುತ್ತಿದ್ದರಲ್ಲ, ಆ ಲೆಕ್ಕ ಇದಕ್ಕೂ ಸರಿಯಾಗಿ ಕೂಡುತ್ತದೆ. ಇದೂ ಹೊರಗೆ ಹೋಗಲ್ಲ.) ಹಾಗಂತ ಅಮ್ಮಂದಿರನ್ನು ಬೈಯಲು ಹೊರಡಬೇಡಿ. ಮೂವರಲ್ಲಿ ಒಬ್ಬರಿಗೆ ವಂಶದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಬರುತ್ತದೆ.

ಹಿಮೋಫಿಲಿಯಾ ದಿನದ ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕೆ ಅಂತ ಇತ್ತು. ಮಾವ, ಅಳಿಯ ಇಬ್ಬರನ್ನೂ ಕರೆದಿದ್ದರು. ಎದೆಗೆ "ಫಲಾನುಭವಿ" ಅನ್ನುವ ಬ್ಯಾಡ್ಜು. ಅನುಭವಿಸಿದ್ದು ನೆನಪಿದೆ, ಫಲ ಯಾವುದು ಅಂತ ಹೊಳೆಯಲಿಲ್ಲ. ಆ ಬ್ಯಾಡ್ಜನ್ನೂ ಗುಂಡುಪಿನ್ನಿನಲ್ಲೇ ಚುಚ್ಚಿದರು.

ಅತಿಥಿಗಳು ಬರುವುದು ಹನ್ನೆರಡಾಯಿತು. ಅಲ್ಲಿಯವರೆಗೆ ಮಕ್ಕಳು ಬಾಗಿಲಲ್ಲಿ ಕೆಂಪು ಗುಲಾಬಿ ಹಿಡಿದು ನಿಂತಿರಬೇಕು. ಗಂಟು ಗಂಟಿನಲ್ಲಿ ರಕ್ತ ಸೋರುವ ಮಕ್ಕಳನ್ನು ಎರಡು ಗಂಟೆ ನಿಲ್ಲಿಸಿ, ಆಮೇಲೆ ಅವರ ಬಗ್ಗೆ ಜಾಗೃತಿ ಮೂಡಿಸುವುದು. ಈ ಐಡಿಯಾ ಯಾರದ್ದೋ ಗೊತ್ತಿಲ್ಲ, ಯಾರದ್ದೇ ಆಗಲಿ, ಅವರಿಗೂ ಒಂದು ಶಾಲು ಹೊದಿಸಬೇಕಿತ್ತು.

ಮುಖ್ಯ ಅತಿಥಿ ಮೈಕ್ ಹಿಡಿದರು. ಕನ್ನಡದಲ್ಲಿ ಈ ಕಾಯಿಲೆಗೆ ಕುಸುಮ ರೋಗ ಅನ್ನುವ ಮುದ್ದಾದ ಹೆಸರಿದೆ. ಅವರ ಪಿ.ಎ. ಚೀಟಿಯಲ್ಲಿ ಬರೀ "ಕುಸುಮ ದಿನ" ಅಂತ ಬರೆದುಕೊಟ್ಟಿದ್ದರು ಅನ್ನಿಸುತ್ತದೆ. ಅತಿಥಿಗಳು ಗಂಟಲು ಸರಿಮಾಡಿಕೊಂಡು, "ಕುಸುಮಾ ಅವರು ಇಂದು ನಮ್ಮ ನಡುವೆ ಇಲ್ಲ" ಅಂತ ಶುರುಮಾಡಿದರು. ಸಭೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿತು. ನಾನೂ ನಿಂತೆ. ಯಾರಿಗೆ ಗೊತ್ತು, ಪಾಪ, ಯಾವುದೋ ಕುಸುಮಾ ಇದ್ದಿರಬಹುದು.

ಎರಡನೆಯವರು ವಿಷಯ ತಿಳಿದವರು. ಇದು ವಿಕ್ಟೋರಿಯಾ ರಾಣಿಯ ವಂಶದಿಂದ ರಷ್ಯಾದ ಅರಮನೆವರೆಗೂ ಹೋದ ರಾಜರ ಕಾಯಿಲೆ, ನೀವು ಹೆಮ್ಮೆಪಡಬೇಕು ಅಂದರು. ಪಟ್ಟು ನೋಡಿದೆ, ಮಂಡಿ ಮಡಚಲಿಲ್ಲ. ಇದು ಹೆಂಗಸರಿಗೆ ಬರುವುದೇ ಇಲ್ಲ, ಅವರು ಪುಣ್ಯವಂತರು ಅಂತಲೂ ಸೇರಿಸಿದರು. ಹಿಂದಿನ ಸಾಲಿನಲ್ಲಿ ನಮ್ಮ ಬಳಗದ ಟೀಚರೊಬ್ಬರು ಕೂತಿದ್ದರು. ಅವರಿಗಿರುವುದು ಫಾನ್ ವಿಲ್ಲೆಬ್ರಾಂಡ್. ಅದೂ ರಕ್ತ ಹೆಪ್ಪುಗಟ್ಟದ ತೊಂದರೆಯೇ, ಗಂಡು ಹೆಣ್ಣು ಅನ್ನದೆ ಬರುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ದಿನ ಒದ್ದಾಡುತ್ತಿದ್ದಾಗ ಇಪ್ಪತ್ತು ವರ್ಷ ಎಲ್ಲರೂ ಅವರಿಗೆ ಹೇಳಿದ್ದು ಒಂದೇ ಮಾತು, "ಎಲ್ಲ ಹೆಂಗಸರಿಗೂ ಇರೋದೇ ಬಿಡಿ." ಪುಣ್ಯವಂತರು ಅನ್ನುವುದನ್ನು ಕೇಳಿ ಟೀಚರು ಕೊಡೆ ಎತ್ತಿಕೊಂಡು ಮನೆಗೆ ಹೋದರು.

ಮೂರನೆಯವರು ತೋಟದವರು, ಅನುಭವಸ್ಥರು. "ಉಂಬಳ ಕಚ್ಚಿದರೆ ನಮಗೂ ರಕ್ತ ನಿಲ್ಲಲ್ಲ. ಸುಣ್ಣ ಹಚ್ಚಿದರೆ ಆಯ್ತಪ್ಪ" ಅಂದರು. ಇವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ರಕ್ತ ಹೀರುವ ಉಂಬಳದ ಜೊಲ್ಲಿನಲ್ಲಿ ಹಿರುಡಿನ್ ಥರದ ಒಂದು ವಸ್ತು ಇದೆ, ಅದು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುತ್ತದೆ. ಅಂದರೆ ಕಚ್ಚಿಸಿಕೊಂಡವರು ಸ್ವಲ್ಪ ಹೊತ್ತು ನಮ್ಮವರೇ. ಹಿಮೋಫಿಲಿಯಾ ಅಂದರೇನು ಅಂತ ಆ ವೇದಿಕೆಗಿಂತ ಆಗುಂಬೆ ಕಾಡಿನ ಉಂಬಳ ಚೆನ್ನಾಗಿ ತಿಳಿಸುತ್ತದೆ. ಆದರೆ ಮಂಡಿಯ ಒಳಗೆ ಸುಣ್ಣ ಹಚ್ಚುವುದು ಹೇಗೆ?

ಕೊನೆಗೆ ಎಲ್ಲರೂ ರಕ್ತದಾನ ಮಾಡಿ ಅಂತ ಕರೆ ಕೊಟ್ಟರು. ನಮ್ಮನ್ನೇ ನೋಡಿಕೊಂಡು.

ಇಷ್ಟರಲ್ಲಿ ಅಳಿಯ ನನ್ನ ತೋಳು ಜಗ್ಗಿ, "ಮಾವ, ಕಾಲೊಳಗೆ ಜುಂ ಅಂತಿದೆ" ಅಂದ. ಊತ ಕಾಣುವ ಮೊದಲೇ ನಮಗೆ ಇದು ಗೊತ್ತಾಗುತ್ತದೆ. ಸ್ವಯಂಸೇವಕರು ಹತ್ತಿ, ಡೆಟಾಲು ಹಿಡಿದು ಓಡಿ ಬಂದರು. "ರಕ್ತ ಎಲ್ಲಿ?" ಒಳಗಿದೆ ಅಂದೆ. "ಗಾಯ ಎಲ್ಲಿ?" ಇಲ್ಲ ಅಂದೆ. ಹತ್ತಿಯನ್ನು ಹಾಗೇ ಜೇಬಿಗೆ ತುರುಕಿಕೊಂಡು, ಇವರು ನಾಟಕ ಆಡ್ತಿದ್ದಾರಾ ಅನ್ನುವ ಹಾಗೆ ನೋಡಿದರು. ಐಸ್ ಬೇಕಿತ್ತು. ಮುರುಗಲ ಶರಬತ್ತಿನ ಡ್ರಮ್ಮಿನಲ್ಲಿ ಸಿಕ್ಕಿತು. ನನಗೆ ಹೊದಿಸಿದ ಶಾಲಿನಲ್ಲಿ ಸುತ್ತಿ ಅವನ ಪಾದಕ್ಕೆ ಇಟ್ಟೆ. ಸನ್ಮಾನದ ಶಾಲು ಕೆಲಸಕ್ಕೆ ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನದು ಫ್ಯಾಕ್ಟರ್ 8ರ ಚುಚ್ಚುಮದ್ದು. ಒಂದು ಕೆಜಿ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಫ್ಯಾಕ್ಟರ್ 8 ಶೇ 2ರಷ್ಟು ಏರುತ್ತದೆ. ಹುಡುಗ 25 ಕೆಜಿ. ಶೇ 40 ಏರಿಸಲು 500 ಯೂನಿಟ್, ಒಂದು ಸಣ್ಣ ವಯಲ್. 8ರಿಂದ 12 ಗಂಟೆಯಲ್ಲಿ ಅರ್ಧ ಖಾಲಿಯಾಗುತ್ತದೆ, ಆದರೂ ವೇದಿಕೆ ಮೇಲಿನ ಭರವಸೆಗಿಂತ ಜಾಸ್ತಿ ಬಾಳಿಕೆ. ಆ ವಯಲ್ ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು. ಫ್ರಿಜ್ಜಿಗೆ ಬೀಗ ಇತ್ತು. ಕೀಲಿ ಇದ್ದವರು ವೇದಿಕೆ ಮೇಲಿದ್ದರು, ದಾಸ್ತಾನು ಚೆನ್ನಾಗಿ ಕಾಪಾಡಿದ್ದಕ್ಕೆ ಅವರಿಗೆ ಸನ್ಮಾನ. ಸನ್ಮಾನ ಮುಗಿಸಿ ಊಟ, ಊಟ ಮುಗಿಸಿ ಮೀಟಿಂಗು. "ನಾಳೆ ಬನ್ನಿ" ಅಂದರು. ನಿಜಕ್ಕೂ ಕಾಪಾಡಿದ್ದರು. ನಮ್ಮಿಂದ.

ನಾಳೆ ಬನ್ನಿ ಅನ್ನುವುದು ನನಗೆ ಹೊಸದಲ್ಲ. ಅಂಗವಿಕಲರ ಸರ್ಟಿಫಿಕೇಟಿಗೆ ಓಡಾಡಿದ ಕಾಲದಿಂದ ಕೇಳುತ್ತಿದ್ದೇನೆ. ಮೊದಲ ಸಲ ಹೋದಾಗ ಮಂಡಿ ಚೆನ್ನಾಗಿತ್ತು. "ಈಗ ಏನೂ ಇಲ್ವಲ್ಲ, ಬ್ಲೀಡ್ ಆದಾಗ ಬನ್ನಿ." ಬ್ಲೀಡ್ ಆದಾಗ ಆಟೋದಲ್ಲಿ ಮಲಗಿಕೊಂಡು ಹೋದೆ. "ಊತ ಇದ್ರೆ ಅಳತೆ ಸಿಗಲ್ಲ, ಇಳಿದ ಮೇಲೆ ಬನ್ನಿ." ಹೀಗೆ ಏರಿ ಇಳಿದು ಏರಿ ಇಳಿದು, ಕೊನೆಗೆ ಮಂಡಿ ಬೇಸರವಾಗಿ ಒಂದೇ ಕೋನದಲ್ಲಿ ನಿಂತುಬಿಟ್ಟಿತು. ಆಗ ಅಳೆದು 38 ಪರ್ಸೆಂಟ್ ಕೊಟ್ಟರು. ಸೌಲಭ್ಯಕ್ಕೆ ಬೇಕಿದ್ದು 40. ಉಳಿದ ಎರಡನ್ನು ಎಲ್ಲಿಂದ ತರಲಿ ಅಂತ ಕೇಳಿದೆ. ಹೊರಗೆ ಜೆರಾಕ್ಸ್ ಅಂಗಡಿಯವನು ಪ್ರೀತಿಯಿಂದಲೇ ಹೇಳಿದ: "ಒಂದ್ಸಲ ಅಡಿಕೆ ಮರ ಹತ್ತಿ ಇಳೀರಿ ಸಾರ್."

ಯೋಚಿಸಿದರೆ ಅವನದು ಸರಿಯಾದ ದಾರಿ. ಸರಿಯಾಗಿ ಔಷಧಿ ತೆಗೆದುಕೊಂಡು ಗಂಟು ಉಳಿಸಿಕೊಂಡವನು ಪರ್ಸೆಂಟ್ ಕಳೆದುಕೊಳ್ಳುತ್ತಾನೆ. ಹಾಳುಮಾಡಿಕೊಂಡವನು ಪಾಸಾಗುತ್ತಾನೆ.

ಆ 40 ದಾಟಿದೆ ಅಂತಲೇ ಇಟ್ಟುಕೊಳ್ಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿತು. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಈ ಮೂರು ರಕ್ತದ ಕಾಯಿಲೆಗಳೂ ಅದರಲ್ಲಿವೆ. ಅವತ್ತು ನಾವು ಮನೆಯಲ್ಲಿ ಪಾಯಸ ಮಾಡಿದ್ದೆವು. ಆಮೇಲೆ ಒಳಗೆ ಓದಿದೆವು. ಕಾಲೇಜು ಸೀಟಿನ ಶೇ 5ರ ಮೀಸಲಾತಿಗೆ ನಾವು ಸೇರುತ್ತೇವೆ. ಸರ್ಕಾರಿ ಕೆಲಸದ ಶೇ 4ರ ಪಟ್ಟಿಯಲ್ಲಿ ರಕ್ತದ ಕಾಯಿಲೆಯ ಹೆಸರೇ ಇಲ್ಲ. ಅಂದರೆ ಓದುವ ತನಕ ನಾವು ಅಂಗವಿಕಲರು, ಡಿಗ್ರಿ ಕೈಗೆ ಬಂದ ದಿನ ಗುಣವಾಗುತ್ತೇವೆ. ಮನೆಗೆ ಕರೆದು, ಕಾಲಿಗೆ ನೀರು ಕೊಟ್ಟು, ಪಂಕ್ತಿಯಲ್ಲಿ ಕೂರಿಸಿ, ಎಲೆ ಮಾತ್ರ ಹಾಕದೆ ಮುಂದೆ ಹೋದರೆ ಹೇಗಿರುತ್ತದೋ ಹಾಗೆ.

ಅವತ್ತು ಅಳಿಯನ ಕಾಲು ಉಳಿಸಿದ್ದು ಅಮ್ಮಂದಿರ ವಾಟ್ಸಾಪ್ ಗುಂಪು. ಈ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಹಾಕುವಂತಿಲ್ಲ. ಅಕ್ಕ "500 ಬೇಕು, ಅರ್ಜೆಂಟ್" ಅಂತ ಹಾಕಿದಳು. ಭದ್ರಾವತಿಯ ಒಬ್ಬರ ಮನೆ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕ, ಮಗನಿಗೆ ಅಂತ ಇಟ್ಟುಕೊಂಡ ಎರಡು ವಯಲ್ ಇತ್ತು. ಎರಡನ್ನೂ ಕಷಾಯದ ಫ್ಲಾಸ್ಕಿನಲ್ಲಿ ಇಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಕಂಡಕ್ಟರ್ ಸರ್ಟಿಫಿಕೇಟು ಕೇಳಲಿಲ್ಲ, ಲಗೇಜು ಚಾರ್ಜೂ ಕೇಳಲಿಲ್ಲ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯ ಒಬ್ಬ ತಾಯಿ, "ಹೆದರಬೇಡಿ ಅಕ್ಕ, ನಿಮಗೆ ಬಸ್ಸಾದರೂ ಇದೆ" ಅಂತ ಬರೆದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಅವರ ಮಗನ ಊತ ಲಾಂಚ್ ಟೈಮ್ ನೋಡಿಕೊಂಡು ಬರಬೇಕಿತ್ತು. ನರ ಹುಡುಕಿ ಸೂಜಿ ಹಾಕುವುದನ್ನು ಅಕ್ಕ ಕಲಿತಿದ್ದಾಳೆ. ಇಂಥ ಪಾಠಕ್ಕೆಲ್ಲ ನಮಗೆ ದಾವಣಗೆರೆಯೇ ಗುರುಮನೆ. ಅಲ್ಲಿನ ಡಾ. ಸುರೇಶ್ ಹನಗವಾಡಿಯವರು ತಮಗೇ ಈ ತೊಂದರೆ ಇದ್ದೂ ಡಾಕ್ಟರಾಗಿ, ಹಿಮೋಫಿಲಿಯಾ ಸೊಸೈಟಿ ಕಟ್ಟಿದವರು. ರಕ್ತ ಎಲ್ಲಿ ಅಂತ ಅವರು ಯಾರನ್ನೂ ಕೇಳಲ್ಲ.

ಸಂಜೆ ಹೊತ್ತಿಗೆ ಹುಡುಗ ಹುಷಾರು. ಒಂದು ವಯಲ್ ಉಳಿದಿತ್ತು. ನಾಳೆಗೆ ಮತ್ತೆ ಬೇಕಾಗಬಹುದು, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಸರಿಯಾಗಿ ಅದೇ ಹೊತ್ತಿಗೆ ಗುಡುಗು, ಮಳೆ, ಪೇಟೆಗೆಲ್ಲ ಕರೆಂಟಿಲ್ಲ. ಕೆಂಪು ಬಲ್ಬಿನ ಕಟ್ಟಡ ಮಾತ್ರ ಜನರೇಟರ್ ಹಾಕಿಕೊಂಡು ಝಗಝಗ ಹೊಳೆಯುತ್ತಿತ್ತು. ಫ್ಲಾಸ್ಕ್ ಹಿಡಿದು ಅಲ್ಲಿಗೇ ಹೋದೆ. ವಾಚ್‌ಮನ್ ಒಳ್ಳೆಯವನು. "ಒಳಗೆ ಫ್ರಿಜ್ ಇದೆ ಸಾರ್. ಆದ್ರೆ ಜನರೇಟರ್ ಲೈನು ಬಲ್ಬಿಗೆ ಮಾತ್ರ ಕೊಟ್ಟಿದ್ದಾರೆ" ಅಂದ.

ಕೊನೆಗೆ ಜಾಗ ಕೊಟ್ಟದ್ದು ಬಸ್‌ಸ್ಟ್ಯಾಂಡ್ ಹಿಂದಿನ ಮೀನಂಗಡಿ ಸಾಬರು. ವಯಲ್ ಹೆಪ್ಪುಗಟ್ಟಬಾರದು ಅಂದಿದ್ದಕ್ಕೆ ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿ, ಐಸಿಗೆ ತಾಗದ ಹಾಗೆ ಪೆಟ್ಟಿಗೆಯ ಮೂಲೆಯಲ್ಲಿಟ್ಟರು. "ಮೇಲೆ ಬಂಗುಡೆ ಮುಚ್ಚಿದೀನಿ, ಯಾರೂ ಮುಟ್ಟಲ್ಲ" ಅಂದರು. ಬೆಳಗ್ಗೆ ಆರಕ್ಕೆ ಹೋಗಿ ತಂದೆ. ಅಕ್ಕ ಡಬ್ಬಿಯನ್ನು ಮೂರು ಸಲ ಸೋಪು ಹಾಕಿ ತೊಳೆದಳು.

ಅಕ್ಕನ ಅತ್ತೆಯವರದು ಭಾರೀ ಮಡಿ. ಅವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಅವರು ಪಂಚಾಂಗ ಬಿಟ್ಟು ಬೇರೇನೂ ಓದಲ್ಲ ಅನ್ನುವ ಧೈರ್ಯದ ಮೇಲೆ ಬರೆದಿದ್ದೇನೆ.