200 ಅಡಿ ದೂರದ ಊಟ

ಮಕ್ಕಳನ್ನು ಊಟಕ್ಕೆ ಫುಡ್ ಟ್ರಕ್‌ಗೆ ಕರೆದುಕೊಂಡು ಹೋಗಿ, ಮಜಾ ಇರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ಒಂದೋ ಮಕ್ಕಳಿರುವುದಿಲ್ಲ, ಇಲ್ಲಾ ಅವರ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿರುತ್ತಾರೆ.

ಮೊದಲು ಟ್ರಕ್ ಸಿಗಬೇಕಲ್ಲ. ಹೋಟೆಲ್ ಆದರೆ ನಿನ್ನೆ ಇದ್ದ ಕಡೆಯೇ ಇವತ್ತೂ ಇರುತ್ತೆ, ಪಾಪ, ಅದಕ್ಕೆ ಚಕ್ರ ಇಲ್ಲ. 2008ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕೋಗಿ ಅನ್ನುವ ಫುಡ್ ಟ್ರಕ್‌ನವರು ಎಲ್ಲಿ ನಿಂತಿದ್ದೇವೆ ಅಂತ ಟ್ವಿಟರ್‌ನಲ್ಲಿ ಸಾರಿ ಸಾರಿ ಜನ ಸೇರಿಸಿದರು. ಅಲ್ಲಿಂದ ಮುಂದೆ ಊಟವನ್ನು ವಾಸನೆ ಹಿಡಿದು ಹುಡುಕುವ ಕಾಲ ಹೋಯಿತು. ಈಗ ಫೋನ್ ಹಿಡಿದು ಬೆನ್ನಟ್ಟಬೇಕು. ಹಿಂದಿನ ಸೀಟಿನಲ್ಲಿ ಇಬ್ಬರು ಹಸಿದ ಮಕ್ಕಳು 'ಬಂತಾ? ಬಂತಾ?' ಅನ್ನುತ್ತಿದ್ದರೆ ಆ ಬೇಟೆಯ ರುಚಿಯೇ ಬೇರೆ.

ಸಿಕ್ಕಿತು. ಕಿಟಕಿ ನನ್ನ ಕತ್ತಿನ ಮಟ್ಟಕ್ಕಿತ್ತು. ನಾಲ್ಕು ವರ್ಷದ ಮಗಳಿಗೆ ಕಂಡಿದ್ದು ಟೈರು ಮತ್ತು ಗುರುಗುಡುವ ಜನರೇಟರ್. "ಅಪ್ಪಾ, ಊಟ ಎಲ್ಲಿ?" ಅಂದಳು. ಎತ್ತಿ ತೋರಿಸಿದೆ. ಮೆನು ನೋಡಿದಳು, ಓದು ಬರಲ್ಲ, ಆದರೂ ಬೇಡ ಅಂದಳು.

ಅವಳ ಪಾಲು ಮೊದಲು ಬಂತು. ಮೇಜಿಲ್ಲ, ಕುರ್ಚಿಯಿಲ್ಲ. ಹಾಗಾಗಿ ನಾನೇ ಮೇಜಾದೆ. ಬಲಗೈಯಲ್ಲಿ ಪೇಪರ್ ಪ್ಲೇಟು, ಎಡಗೈಯಲ್ಲಿ ಜ್ಯೂಸು, ಕಂಕುಳಲ್ಲಿ ನೀರಿನ ಬಾಟಲಿ, ಬಾಯಲ್ಲಿ ಟಿಶ್ಯೂ. ಮಗಳು ನನ್ನ ಮೇಲೆ ಊಟ ಮಾಡುತ್ತಿದ್ದಳು. ಸಾಸ್ ಮೊಣಕೈ ತನಕ ಇಳಿಯಿತು. ಎಂಟು ವರ್ಷದ ಮಗ ಟೋಕನ್ ಹಿಡಿದು ತನ್ನ ಸರದಿ ಕಾಯುತ್ತಿದ್ದ. ಅಷ್ಟರಲ್ಲಿ ಮಗಳು ಕಾಲಿಗೆ ಕಾಲು ಹೆಣೆದು ನಿಂತಳು.

"ಅಪ್ಪಾ, ಒಂದಕ್ಕೆ."

ಇಲ್ಲೇ ಇರುವುದು ನೋಡಿ ನಗರಗಳ ಜಾಣತನ. ಷಿಕಾಗೋದಲ್ಲಿ ಫುಡ್ ಟ್ರಕ್ ಯಾವ ಹೋಟೆಲ್ ಬಾಗಿಲಿಗೂ 200 ಅಡಿಗಿಂತ ಹತ್ತಿರ ನಿಲ್ಲುವಂತಿಲ್ಲ. ನಿಂತ ಜಾಗ ಗೊತ್ತಾಗಲಿ ಅಂತ ಟ್ರಕ್ಕಿಗೆ ಜಿಪಿಎಸ್ ಬೇರೆ. ಒಬ್ಬ ಟ್ರಕ್ ಮಾಲೀಕರು ಕೋರ್ಟಿಗೆ ಹೋದರು. 2019ರಲ್ಲಿ ಷಿಕಾಗೋ ಇರುವ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ನಿಯಮ ಸರಿಯಾಗಿಯೇ ಇದೆ ಅಂದಿತು. ಬಾಡಿಗೆ, ತೆರಿಗೆ ಕಟ್ಟಿ ಕೂತ ಹೋಟೆಲಿನವರ ಹೊಟ್ಟೆಪಾಡೂ ನೋಡಬೇಕಲ್ವಾ? ನೋಡಲಿ. ಆದರೆ ಟಾಯ್ಲೆಟ್ ಇರುವುದೂ ಆ ಹೋಟೆಲಿನಲ್ಲೇ. ಅಂದರೆ ಊಟಕ್ಕೂ ಒಂದಕ್ಕೂ ನಡುವೆ ಕಡಿಮೆ ಅಂದರೂ 200 ಅಡಿ ಇರಲೇಬೇಕು ಅಂತ ಕಾನೂನೇ ಟೇಪ್ ಹಿಡಿದು ಅಳೆದಿದೆ. ನಾಲ್ಕು ವರ್ಷದ ಮಗುವಿನ ತಾಳ್ಮೆ ಎಷ್ಟು ಅಡಿ ಅಂತ ಯಾರೂ ಅಳೆದಿಲ್ಲ. ನಾನು ಅಳೆದಿದ್ದೇನೆ, ಸುಮಾರು 60.

ಈ ಗಾಡಿಯೂಟ ಶುರುವಾದದ್ದು ಮಕ್ಕಳಿಗಾಗಿ ಅಲ್ಲ ಬಿಡಿ. 1866ರಲ್ಲಿ ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ ಹಳೇ ಮಿಲಿಟರಿ ಗಾಡಿಯೊಂದನ್ನು ಅಡುಗೆಗಾಡಿ ಮಾಡಿದ. ಉಣ್ಣುವವರು ದನ ಹೊಡೆದುಕೊಂಡು ಹೋಗುವ ಗಂಡಸರು. ಅವರಿಗೆ ಸುತ್ತಲೂ ಬಯಲಿತ್ತು. ಬಯಲು ಹೋಗಿ ಫುಟ್‌ಪಾತ್ ಬಂತು, ವ್ಯವಸ್ಥೆ ಮಾತ್ರ ಅದೇ.

ನಾವು ಹೋದ ಕಡೆ ಎಷ್ಟು ಅಡಿ ನಿಯಮವೋ ಕೇಳುತ್ತಾ ನಿಲ್ಲುವ ಹೊತ್ತಲ್ಲ ಅದು. ಮಗಳನ್ನು ಹೆಗಲಿಗೆ ಹಾಕಿಕೊಂಡು, ಮಗನ ಕೈ ಹಿಡಿದು ಹೋಟೆಲ್ ಕಡೆ ಓಡಿದೆ. ಸಾಸ್ ಪ್ಲೇಟೂ ಜೊತೆಗೇ ಓಡಿತು, ಯಾಕೆಂದರೆ ದಾರಿಯಲ್ಲಿ ಒಂದೂ ಕಸದ ಡಬ್ಬಿ ಇರಲಿಲ್ಲ. ಟಾಯ್ಲೆಟ್ ಬಾಗಿಲ ಮೇಲೆ ಬೋರ್ಡು: 'ಗಿರಾಕಿಗಳಿಗೆ ಮಾತ್ರ'. ಕ್ಯಾಷಿಯರ್ ನನ್ನ ಕೈಯ ಪ್ಲೇಟು ನೋಡಿದರು. ನಾನು ಮೆನು ಕಾರ್ಡ್ ನೋಡಿದೆ. ಇಬ್ಬರಿಗೂ ಅರ್ಥವಾಯಿತು.

ಮಗಳು ಹಗುರಾಗಿ ಬಂದು ಕುರ್ಚಿ ಮೇಲೆ ಕೂತಳು. ನಿಜವಾದ ಕುರ್ಚಿ! ಕೈ ತೊಳೆಯಲು ನೀರು ಬೇರೆ. ಎರಡನೇ ಊಟ ಬಂತು. ಮಗ ಗಾಜಿನಾಚೆ ನೋಡುತ್ತಾ ಕೂತಿದ್ದವನು ತಟ್ಟನೆ ಎದ್ದ.

"ಅಪ್ಪಾ, ಟ್ರಕ್ ಹೊರಟಿತು!"

ನಿಲ್ಲುವ ಸಮಯ ಮುಗಿದಿರಬೇಕು. ಅವನ ಊಟ ಅದರೊಳಗೇ ಇತ್ತು. ಟೋಕನ್ ಅವನ ಕೈಯಲ್ಲಿತ್ತು, ನಂಬರ್ 38.